ಜಾವಗಲ್ಲಿನಿಂದ ಜೋಹಾನ್ಸ್‌ಬರ್ಗ್‌ವರೆಗೆ

ಒಬ್ಬ ವ್ಯಕ್ತಿಯಿಂದಾಗಿ ಒಂದು ಊರು ಪ್ರಸಿದ್ಧವಾಗುವುದು ನಮ್ಮ ನಾಡಿನಲ್ಲಿ ಹೊಸತೇನಲ್ಲ. ಕುಪ್ಪಳಿ ಎಂದರೆ ಕುವೆಂಪು, ಮುದ್ದೇನಹಳ್ಳಿ ಎಂದರೆ ವಿಶ್ವೇಶ್ವರಯ್ಯ. ಜಾವಗಲ್ಲಿನ ವಿಚಾರ ಮಾತ್ರ ಸ್ವಲ್ಪ ವಿಚಿತ್ರ. ಸುಮಾರು ಹನ್ನೆರಡು ವರ್ಷ ಈ ಹೆಸರು ಬ್ರಿಸ್ಬೇನ್, ಬ್ರಿಸ್ಟಲ್, ಜೋಹಾನ್ಸ್‌ಬರ್ಗ್‌ಗಳ ಮೈದಾನಗಳಲ್ಲಿ ಮೊಳಗಿತು. ರೇಡಿಯೋ, ಟಿ.ವಿ.ಗಳ ವೀಕ್ಷಕ ವಿವರಣೆಗಾರರು ತಮ್ಮ ತಮ್ಮ ನಾಲಿಗೆಗೆ ಒಗ್ಗಿದಂತೆ ಅದನ್ನು ಉಚ್ಚರಿಸಿದರು. ಆದರೆ ಅದು ಒಂದು ಊರಿನ ಹೆಸರು ಎಂಬುದು ಕೇಳಿದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನೇ ಕೇಳಿದೆ. 'ಜಾವಗಲ್ ಅಂದರೆ ಶ್ರೀನಾಥ್ ಅವರ ಅಪ್ಪನ ಹೆಸರಲ್ಲವಾ ಸಾರ್?' ಎಂದರು.

ಅಲ್ಲ ಮಕ್ಕಳೇ. ಜಾವಗಲ್ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಊರು. ಭಾರತದ ಹೆಸರಾಂತ ವೇಗದ ಬೌಲರ್ ಜಾವಗಲ್ ಶ್ರೀನಾಥರ ಮನೆತನದ ಮೂಲ ಅಲ್ಲಿಯದು. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಹೆಸರಿನ ಜಾಡು ಹಿಡಿದು ಜಾವಗಲ್ಲಿನಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿಬರೋಣ ಎಂದು ಹೋದ ದಸರೆ ರಜೆಯಲ್ಲಿ ಹೊರಟೆ. ಬೆಂಗಳೂರಿನಿಂದ ಆಚೆಗಿನ ದೂರವನ್ನು ನನ್ನ ಜೇಬು ಒಪ್ಪದ್ದರಿಂದ ಅಲ್ಲಿಗೆ ಅಂಕಿ-ಅಂಶಗಳ ಮೂಲಕವೇ ಪ್ರಯಾಣ.

ಬಳಪದ ಕಲ್ಲಿನ ಊರು

ಹಳೇಬೀಡನ್ನು ನೋಡಿದವರಿಗೆ ಜಾವಗಲ್ ದೂರವಲ್ಲ. ಉತ್ತರಕ್ಕೆ ಹತ್ತು ಹದಿನೈದು ಕಿಲೋಮೀಟರ್. ಬೇಲೂರು, ಹಳೇಬೀಡು ನೋಡಿದ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿಂದಲೇ ಹಿಂತಿರುಗುತ್ತಾರೆ. ಮುಂದಿನ ದಾರಿಯಲ್ಲಿ ಸಿಗುವುದು ತೆಂಗಿನ ತೋಟ, ರಾಗಿ ಹೊಲ, ಅಲ್ಲಲ್ಲಿ ಕೆರೆ. ಮಲೆನಾಡಿನ ಹಸಿರು ಹಿಂದೆ ಸರಿದು ಬಯಲುಸೀಮೆ ಶುರುವಾಗುವ ಜಾಗ ಇದು. ಜಾವಗಲ್ಲಿನ ದರ್ಗಾಕ್ಕೆ ದೂರದೂರದಿಂದ ಜನ ಬರುತ್ತಾರೆ. ಊರೊಳಗೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹದಿಮೂರನೆಯ ಶತಮಾನದ ಈ ಗುಡಿ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳುಳ್ಳದ್ದು. ಹೊರಗೋಡೆಯ ತುಂಬ ಮೂರ್ತಿಗಳ ಸಾಲು. 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹಾಗೆ ಇಲ್ಲಿ ನೂಕುನುಗ್ಗಲಿಲ್ಲ. ನಿಂತು ನಿಧಾನವಾಗಿ ನೋಡಬಹುದು.

ಈ ಗುಡಿಯಲ್ಲಿ ಕೆಲಸ ಮಾಡಿದವರಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯೂ ಒಬ್ಬ. ನುಗ್ಗೇಹಳ್ಳಿಯಲ್ಲೂ ಮೈಸೂರಿನ ಹತ್ತಿರದ ಸೋಮನಾಥಪುರದಲ್ಲೂ ಅವನ ಹೆಸರು ಸಿಗುತ್ತದೆ. ತಾನು ಕೆತ್ತಿದ ಮೂರ್ತಿಯ ಕೆಳಗೆ ಹೆಸರು ಬರೆಯುವ ಪದ್ಧತಿ ಹೊಯ್ಸಳ ಶಿಲ್ಪಿಗಳಲ್ಲಿ ಇತ್ತು. ಆದ್ದರಿಂದಲೇ ಆ ಕಾಲದ ಒಬ್ಬ ಕೆಲಸಗಾರನ ದುಡಿಮೆ ಜಾವಗಲ್ಲಿನಿಂದ ಮೈಸೂರು ಸೀಮೆಯವರೆಗೆ ಹೇಗೆ ಸಾಗಿತು ಎಂದು ಇಂದು ನಾವು ಗುರುತಿಸಬಹುದು.

ವಿಜ್ಞಾನದ ಮೇಷ್ಟರಾಗಿ ನನ್ನ ಗಮನ ಸೆಳೆದದ್ದು ಅಲ್ಲಿನ ಕಲ್ಲು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಮೆದುವಾಗಿದ್ದಾಗಲೇ ಕೆತ್ತಬೇಕು, ಆದರೆ ಅತಿಯಾಗಿ ಹೊಡೆದರೆ ಚಕ್ಕೆ ಏಳುತ್ತದೆ. ಹದಿಹರೆಯದ ಮಕ್ಕಳ ಮೂಳೆಯ ಗುಣವೂ ಸರಿಸುಮಾರು ಇದೇ. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಮೈಸೂರಿನ ಮೈದಾನಗಳು

ಜಾವಗಲ್ಲಿನಿಂದ ಹಾಸನಕ್ಕೆ ಬಂದು, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಮೈಸೂರು ಸೇರಬಹುದು. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎಂದು ಹೊರಡುವ ಶಾಲಾ ಪ್ರವಾಸದ ಬಸ್ಸುಗಳು ನಿಲ್ಲದ ಎರಡು ಮೂರು ಜಾಗಗಳಿಗೆ ನಾನು ಹೋಗಬೇಕಿತ್ತು.

ಮೊದಲನೆಯದು ಮರಿಮಲ್ಲಪ್ಪ ಪ್ರೌಢಶಾಲೆ. 1969ರ ಆಗಸ್ಟ್ 31ರಂದು ಜನಿಸಿದ ಶ್ರೀನಾಥ್ ಓದಿದ್ದು ಈ ಶಾಲೆಯಲ್ಲಿ. ಎರಡನೆಯದು ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು. ಮೈಸೂರಿನವರ ಬಾಯಲ್ಲಿ ಅದು ಎಸ್.ಜೆ.ಸಿ.ಇ. ಅಲ್ಲಿ ಅವರು ಇನ್‌ಸ್ಟ್ರುಮೆಂಟೇಷನ್ ವಿಷಯದಲ್ಲಿ ಬಿ.ಇ. ಮಾಡಿದರು. ಇನ್‌ಸ್ಟ್ರುಮೆಂಟೇಷನ್ ಎಂದರೆ ಅಳೆಯುವ ವಿದ್ಯೆ: ಶಾಖ, ಒತ್ತಡ, ವೇಗ, ಹರಿವು ಇವನ್ನು ಉಪಕರಣಗಳಿಂದ ಅಳೆದು ಹತೋಟಿಯಲ್ಲಿಡುವುದು. ಮುಂದೆ ಆ ವಿದ್ಯಾರ್ಥಿಯ ಎಸೆತಗಳ ವೇಗವನ್ನೇ ಉಪಕರಣಗಳು ಅಳೆಯತೊಡಗಿದವು!

ಈ ಕಾಲೇಜಿನ ನೆರೆಯಲ್ಲೇ ಮಾನಸಗಂಗೋತ್ರಿ. ಮೈಸೂರು ವಿಶ್ವವಿದ್ಯಾನಿಲಯದ ಈ ಆವರಣಕ್ಕೆ ಆ ಚೆಲುವಾದ ಹೆಸರಿಟ್ಟವರು ಆಗ ಕುಲಪತಿಗಳಾಗಿದ್ದ ಕುವೆಂಪು. ಇಲ್ಲಿನ ಗಂಗೋತ್ರಿ ಗ್ಲೇಡ್ಸ್ ಮೈದಾನ ಮರಗಳ ನಡುವೆ ತಣ್ಣಗೆ ಕುಳಿತಿದೆ. 2010ರ ಜನವರಿಯಲ್ಲಿ ಕರ್ನಾಟಕ ಮತ್ತು ಮುಂಬೈ ತಂಡಗಳ ರಣಜಿ ಫೈನಲ್ ನಡೆದದ್ದು ಇಲ್ಲಿಯೇ. ಮನೀಶ್ ಪಾಂಡೆ 144 ರನ್ ಹೊಡೆದರೂ ಕರ್ನಾಟಕ ಬರೀ 6 ರನ್ನುಗಳಿಂದ ಸೋತಿತು. ಮೈಸೂರಿನ ಜನ ಇಂದಿಗೂ ಆ ಆರು ರನ್ನನ್ನು ಮರೆತಿಲ್ಲ. ಕಾಂಪೌಂಡಿನ ಪಕ್ಕ ಎಳನೀರು ಮಾರುತ್ತಿದ್ದವರೊಬ್ಬರು, ಮೈದಾನದ ಮಾತು ತೆಗೆದದ್ದೇ ತಡ, 'ಆರೇ ಆರು ಸಾರ್' ಎಂದು ಬೆರಳು ಮಡಿಸಿ ತೋರಿಸಿದರು.

ಮೈಸೂರಿಗೆ ಬೌಲರುಗಳೇನೂ ಹೊಸಬರಲ್ಲ. ಬಿ.ಎಸ್. ಚಂದ್ರಶೇಖರ್ ಇಲ್ಲಿಯೇ 1945ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಚೆಂಡು ತಿರುಗಿಸಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಇ.ಎ.ಎಸ್. ಪ್ರಸನ್ನ ಇಂಜಿನಿಯರಿಂಗ್ ಓದಿದ್ದೂ ಮೈಸೂರಿನಲ್ಲಿ. 1962ರಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದ ಪ್ರಸನ್ನ, ಆ ವರ್ಷದ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಓದು ಮುಗಿಸಲು ಆಟದಿಂದ ದೂರ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಕಳೆದುಕೊಂಡೂ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಗಳಿಸಿದರು. ಮಗನ ಕೈಯಿಂದ ಬ್ಯಾಟು ಕಿತ್ತುಕೊಳ್ಳುವ ತಂದೆ ತಾಯಿಗಳೂ, ಪುಸ್ತಕ ಎಸೆದು ಅಕಾಡೆಮಿಗೆ ಓಡುವ ಮಕ್ಕಳೂ ಇಬ್ಬರೂ ಓದಬೇಕಾದ ಪಾಠ ಪ್ರಸನ್ನ ಅವರದು.

ಆದರೆ ಇವರಿಬ್ಬರೂ ಸ್ಪಿನ್ ಬೌಲರುಗಳು. ಕರ್ನಾಟಕವೆಂದರೆ ಸ್ಪಿನ್, ಭಾರತವೆಂದರೂ ಸ್ಪಿನ್ ಎಂಬ ಕಾಲ ಅದು. ಚೆಂಡಿನ ಹೊಳಪು ತೆಗೆಯಲು ಮಾತ್ರ ನಾಲ್ಕು ಓವರ್ ವೇಗದ ಬೌಲಿಂಗ್ ಎಂಬಂತಹ ಪರಿಸ್ಥಿತಿ. 1978ರಲ್ಲಿ ಹರಿಯಾಣದ ಕಪಿಲ್ ದೇವ್ ಬಂದು ಅದನ್ನು ಬದಲಿಸಿದರು. ಮುಂದಿನ ಸರದಿ ಮೈಸೂರಿನದಾಯಿತು.

ಕ್ಲಬ್ ಪಂದ್ಯವೊಂದರಲ್ಲಿ ಶ್ರೀನಾಥರ ಬೌಲಿಂಗನ್ನು ಗುರುತಿಸಿದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್. ವೇಗದ ಬೌಲಿಂಗನ್ನು ಎದುರಿಸುವುದರಲ್ಲಿ ನಿಸ್ಸೀಮರಾಗಿದ್ದ ದಾಂಡಿಗನಿಗೆ ನಿಜವಾದ ವೇಗ ಯಾವುದೆಂದು ತಿಳಿಯದಿರುತ್ತದೆಯೇ? 1989-90ರಲ್ಲಿ ಹೈದರಾಬಾದ್ ವಿರುದ್ಧ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ ಆಡಿದ ಶ್ರೀನಾಥ್, ಮೊದಲ ಇನಿಂಗ್ಸ್‌ನಲ್ಲೇ ಹ್ಯಾಟ್ರಿಕ್ ಸಾಧಿಸಿದರು. ಆಗ ವಯಸ್ಸು ಇಪ್ಪತ್ತು. 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು ಮೊದಲ ಏಕದಿನ ಪಂದ್ಯ. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್.

ಅರ್ಧ ಸೆಕೆಂಡಿಗಿಂತ ಕಡಿಮೆ

ಮೈದಾನದ ಅಂಚಿನಲ್ಲಿ ನಿಂತು ಪಿಚ್ ಕಡೆ ನೋಡುವಾಗ ಒಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಪಿಚ್‌ನ ಉದ್ದ 22 ಗಜ, ಅಂದರೆ 20.12 ಮೀಟರ್. ಬೌಲರ್ ಚೆಂಡು ಬಿಡುವುದು ಈಚೆಯ ಗೆರೆಯ ಮೇಲೆ, ದಾಂಡಿಗ ನಿಲ್ಲುವುದು ಆಚೆಯ ಗೆರೆಯ ಮೇಲೆ. ಆದ್ದರಿಂದ ಚೆಂಡು ಸಾಗಬೇಕಾದದ್ದು ಸುಮಾರು 17.7 ಮೀಟರ್. ಗಂಟೆಗೆ 140 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 38.9 ಮೀಟರ್. ಭಾಗಿಸಿದರೆ ಬರುವ ಉತ್ತರ 0.45 ಸೆಕೆಂಡ್. ಗಾಳಿ ಮತ್ತು ನೆಲದ ತಡೆಯಿಂದ ಇನ್ನು ಸ್ವಲ್ಪ ಹೆಚ್ಚಾಗಬಹುದು, ಅಷ್ಟೇ. ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಹೊರಡುವುದಕ್ಕೇ ಸುಮಾರು 0.2 ಸೆಕೆಂಡ್ ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಕಾಲಿಡಬೇಕು, ಬ್ಯಾಟು ಬೀಸಬೇಕು ಇಲ್ಲವೇ ತಲೆ ಬಗ್ಗಿಸಬೇಕು.

ಈ ಕಾಲು ಸೆಕೆಂಡಿನೊಳಗೆ ಚೆಂಡು ದಿಕ್ಕು ಬದಲಿಸಿದರೆ? ಅದೇ ಸ್ವಿಂಗ್. ಕ್ರಿಕೆಟ್ ಚೆಂಡಿನ ನಡುವೆ ದಾರದ ಹೊಲಿಗೆ ಉಬ್ಬಿಕೊಂಡಿರುತ್ತದೆ. ಹೊಲಿಗೆಯನ್ನು ಸ್ವಲ್ಪ ಓರೆಯಾಗಿಟ್ಟು ಎಸೆದಾಗ, ಹೊಳಪಿನ ನುಣುಪಾದ ಬದಿಯಲ್ಲಿ ಗಾಳಿಯ ಪದರ ಬೇಗ ಚೆಂಡಿನಿಂದ ಬಿಟ್ಟುಹೋಗುತ್ತದೆ. ಹೊಲಿಗೆ ಇರುವ ಬದಿಯಲ್ಲಿ ಗಾಳಿ ಕಲಕಿ, ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಸಾಗುತ್ತದೆ. ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸವಾಗಿ ಚೆಂಡು ಹೊಲಿಗೆ ತೋರುವ ಕಡೆಗೆ ಬಾಗುತ್ತದೆ. ಶ್ರೀನಾಥರ ಸಹಜ ಎಸೆತ ಬಲಗೈ ದಾಂಡಿಗನಿಗೆ ಹೊರಗಿನಿಂದ ಒಳಕ್ಕೆ ನುಗ್ಗುತ್ತಿತ್ತು. ನೆಲಕ್ಕೆ ಬಿದ್ದ ಮೇಲೆ ಹೊಲಿಗೆಯಿಂದಾಗಿ ಮತ್ತಷ್ಟು ಕತ್ತರಿಸಿ ಬರುವುದೂ ಇತ್ತು. ಭೌತಶಾಸ್ತ್ರದ 'ದ್ರವಗಳ ಚಲನೆ' ಪಾಠ ಬೇಸರ ತರಿಸುತ್ತದೆ ಎನ್ನುವ ಹುಡುಗರಿಗೆ ನಾನು ಇದನ್ನೇ ಮೊದಲು ಹೇಳುವುದು.

ಕಾಯುವಿಕೆಯ ಮೂರು ವರ್ಷ

ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಹುಡುಗನಿಗೆ ತಾಯ್ನಾಡಿನ ನೆಲದಲ್ಲಿ ಟೆಸ್ಟ್ ಆಡಲು ಎಷ್ಟು ದಿನ ಬೇಕಾಯಿತು ಗೊತ್ತೇ? ಮೂರು ವರ್ಷ. ಆ ದಿನಗಳಲ್ಲಿ ಸ್ವದೇಶದ ಪಂದ್ಯಗಳಿಗೆ ಮೂವರು ಸ್ಪಿನ್ನರುಗಳು, ಇಬ್ಬರು ವೇಗಿಗಳು ಎಂಬುದು ಭಾರತದ ಸೂತ್ರವಾಗಿತ್ತು. ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್ ಇದ್ದಾಗ ಮೂರನೆಯವನಿಗೆ ಜಾಗವೆಲ್ಲಿ? ವಿದೇಶಕ್ಕೆ ಹೋದಾಗ ಶ್ರೀನಾಥ್ ಬೇಕು, ಊರಿಗೆ ಬಂದ ಮೇಲೆ ಪೆವಿಲಿಯನ್ನಿನ ಬೆಂಚು.

1994ರಲ್ಲಿ ಕಪಿಲ್ ನಿವೃತ್ತರಾದರು. ಆ ವರ್ಷ ನವೆಂಬರ್‌ನಲ್ಲಿ ಇನ್ನೂ ಬೊಂಬಾಯಿ ಎಂದು ಕರೆಸಿಕೊಳ್ಳುತ್ತಿದ್ದ ನಗರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶ್ರೀನಾಥ್ ಸ್ವದೇಶದ ಮೊದಲ ಟೆಸ್ಟ್ ಆಡಿದರು. ವಿಕೆಟ್ ಪಡೆದದ್ದಷ್ಟೇ ಅಲ್ಲ, ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟು ಹಿಡಿದು 60 ರನ್ ಕೂಡಿಸಿದರು. ಭಾರತ ಗೆದ್ದಿತು. ಮರುವರ್ಷ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯಲ್ಲಿ, ವೆಸ್ಟ್ ಇಂಡೀಸಿನ ದೈತ್ಯ ಕೋರ್ಟ್ನಿ ವಾಲ್ಶ್ ಇಲ್ಲದ ಜಾಗ ತುಂಬಲು ಹೋಗಿ 87 ವಿಕೆಟ್ ಉರುಳಿಸಿ ಬಂದರು.

ಆ ಮೂರು ವರ್ಷ ಬೆಂಚಿನ ಮೇಲೆ ಕುಳಿತವನ ಮನಸ್ಸು ಹೇಗಿದ್ದಿರಬೇಕು? ಪರೀಕ್ಷೆಯಲ್ಲಿ ಒಮ್ಮೆ ಅಂಕ ಕಡಿಮೆ ಬಂದರೆ ಊಟ ಬಿಡುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. ಮಕ್ಕಳಿಗಿಂತ ಹೆಚ್ಚಾಗಿ ಊಟ ಬಿಡುವ ತಾಯಂದಿರನ್ನೂ ನೋಡಿದ್ದೇನೆ. ಅಂಥವರಿಗೆ ಈ ಮೂರು ವರ್ಷದ ಲೆಕ್ಕ ಹೇಳುವುದುಂಟು. ಅವಕಾಶ ಕೊಡದವರನ್ನು ಬೈಯುತ್ತಾ ಕೂರುವುದು ಸುಲಭ. ಅವಕಾಶ ಬಂದ ದಿನ ಸಿದ್ಧನಾಗಿರುವುದು ಕಷ್ಟ.

ಬೆಂಗಳೂರಿನ ಆ ರಾತ್ರಿ

ಮೈಸೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಬಂದರೆ, ಕಬ್ಬನ್ ಉದ್ಯಾನದ ಪಕ್ಕದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ. ಶ್ರೀನಾಥರ ಬಗ್ಗೆ ಮಾತನಾಡುವಾಗ ಕನ್ನಡಿಗರಿಗೆ ಮೊದಲು ನೆನಪಾಗುವುದು ಅವರ ಬೌಲಿಂಗ್ ಅಲ್ಲ, ಇಲ್ಲಿ ಮಾಡಿದ ಬ್ಯಾಟಿಂಗ್!

1996ರ ಅಕ್ಟೋಬರ್ 21. ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾ 215 ರನ್ ಮಾಡಿತ್ತು. ತೆಂಡೂಲ್ಕರ್ 88 ರನ್ ಹೊಡೆದು ಔಟಾದಾಗ ಭಾರತದ ಮೊತ್ತ 8 ವಿಕೆಟ್‌ಗೆ 164. ಇನ್ನು ಬೇಕಾದದ್ದು 52 ರನ್. ಸಚಿನ್ ಔಟಾದರೆ ಟಿ.ವಿ. ಆರಿಸಿ ಮಲಗುವ ಕಾಲ ಅದು. ಆದರೆ ಅಂಕಣದಲ್ಲಿ ಉಳಿದಿದ್ದವರು ಇಬ್ಬರು ಇಂಜಿನಿಯರುಗಳು: ಬೆಂಗಳೂರಿನ ಅನಿಲ್ ಕುಂಬ್ಳೆ, ಮೈಸೂರಿನ ಶ್ರೀನಾಥ್. ಗ್ಯಾಲರಿಯಲ್ಲಿ ಅವರಿಬ್ಬರ ತಾಯಂದಿರು. ಕ್ಯಾಮೆರಾ ಮತ್ತೆ ಮತ್ತೆ ಆ ಇಬ್ಬರು ಅಮ್ಮಂದಿರ ಮುಖ ತೋರಿಸುತ್ತಿತ್ತು. ಒಂದೊಂದೇ ರನ್, ನಡುವೆ ಒಂದು ಬೀಸು. ಶ್ರೀನಾಥ್ ಔಟಾಗದೆ 30, ಕುಂಬ್ಳೆ ಔಟಾಗದೆ 16. ಏಳು ಎಸೆತ ಉಳಿದಿರುವಾಗ ಪಂದ್ಯ ಭಾರತದ್ದಾಯಿತು. ಮಕ್ಕಳ ಪರೀಕ್ಷಾ ಕೊಠಡಿಯ ಹೊರಗೆ ಮರದ ಕೆಳಗೆ ಕಾಯುವ ತಾಯಂದಿರ ಮುಖದಲ್ಲಿ ಅದೇ ಭಾವವನ್ನು ಪ್ರತಿ ವರ್ಷ ಕಾಣುತ್ತೇನೆ.

ಅಹಮದಾಬಾದ್, ದೆಹಲಿ, ಕಲ್ಕತ್ತ

ಅದಾದ ತಿಂಗಳಿಗೆ, 1996ರ ನವೆಂಬರ್‌ನಲ್ಲಿ, ಅಹಮದಾಬಾದಿನ ಮೊಟೇರಾದಲ್ಲಿ ದಕ್ಷಿಣ ಆಫ್ರಿಕಾ ಗೆಲ್ಲಲು 170 ರನ್ ಮಾಡಬೇಕಿತ್ತು. ಸ್ಪಿನ್ನರುಗಳ ಸ್ವರ್ಗ ಎನಿಸಿದ್ದ ಒಣ ನೆಲ. ಅಲ್ಲಿ ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು. ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್. ನಮ್ಮ ನೆಲದಲ್ಲಿ ವೇಗದ ಬೌಲರ್ ಪಂದ್ಯ ಗೆಲ್ಲಿಸಲಾರ ಎಂಬ ಮಾತಿಗೆ ಅಂದು ಉತ್ತರ ಸಿಕ್ಕಿತು. ಆ ಹಳೆಯ ಕ್ರೀಡಾಂಗಣ ಈಗಿಲ್ಲ. ಅದನ್ನು ಕೆಡವಿ ಅದೇ ಜಾಗದಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಕೂರುವ ಹೊಸ ಕ್ರೀಡಾಂಗಣ ಕಟ್ಟಿದ್ದಾರೆ.

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನು ಕುಂಬ್ಳೆ ಒಬ್ಬರೇ ಪಡೆದಿದ್ದರು. ಇನ್ನೊಂದು ಬದಿಯಿಂದ ಬೌಲಿಂಗ್ ಶ್ರೀನಾಥರದು. ವಿಕೆಟ್‌ಗಾಗಿಯೇ ಹುಟ್ಟಿದ ಬೌಲರ್ ಅಂದು ಗೂಟಗಳಿಂದ ದೂರ ದೂರ ಚೆಂಡು ಎಸೆದರು. ಗೆಳೆಯನಿಗೆ ಹತ್ತನೆಯದು ಸಿಗಲಿ ಎಂಬುದಷ್ಟೇ ಅವರ ಉದ್ದೇಶ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಔಟಾದರು. ಕುಂಬ್ಳೆ 74 ರನ್ನಿಗೆ 10 ವಿಕೆಟ್. ದಾಖಲೆಯ ಪುಸ್ತಕದಲ್ಲಿ ಶ್ರೀನಾಥರ ಆ ಓವರಿಗೆ ಒಂದು ಸಾಲೂ ಇಲ್ಲ. ಆದರೆ ಆ ಓವರ್ ಇಲ್ಲದೆ ಆ ದಾಖಲೆ ಇರುತ್ತಿತ್ತೋ ಇಲ್ಲವೋ!

ಒಂಬತ್ತು ದಿನ ಕಳೆದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ಎದುರು ಮತ್ತೊಂದು ಟೆಸ್ಟ್. ಮೊದಲ ಬೆಳಿಗ್ಗೆಯೇ ಪಾಕಿಸ್ತಾನ 26 ರನ್ನಿಗೆ 6 ವಿಕೆಟ್ ಕಳೆದುಕೊಂಡಿತು. ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಒಟ್ಟು ಹದಿಮೂರು ವಿಕೆಟ್. ಆದರೂ ಭಾರತ 46 ರನ್ನುಗಳಿಂದ ಸೋತಿತು. ಸಯೀದ್ ಅನ್ವರ್ ಔಟಾಗದೆ 188 ರನ್ ಹೊಡೆದು ನಿಂತಿದ್ದರು. ಗಲಾಟೆ ಎದ್ದು ಪ್ರೇಕ್ಷಕರನ್ನು ಹೊರಗೆ ಕಳುಹಿಸಿ, ಖಾಲಿ ಗ್ಯಾಲರಿಯ ಮುಂದೆ ಪಂದ್ಯ ಮುಗಿಸಬೇಕಾಯಿತು. ಜೀವಮಾನದ ಅತ್ಯುತ್ತಮ ಬೌಲಿಂಗ್, ಕೊನೆಯಲ್ಲಿ ಚಪ್ಪಾಳೆ ತಟ್ಟಲು ಜನವಿಲ್ಲ, ಗೆಲುವೂ ಇಲ್ಲ. ಕಷ್ಟಪಟ್ಟವರಿಗೆಲ್ಲ ಫಲ ಕೈಗೂಡುತ್ತದೆ ಎಂದು ಮಕ್ಕಳಿಗೆ ಹೇಳುವ ನಾವು ಮೇಷ್ಟ್ರುಗಳು ಈ ಪಂದ್ಯವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಲವೊಮ್ಮೆ ಕೈಗೂಡುವುದಿಲ್ಲ. ಆದರೂ ಮಾಡಿದ ಕೆಲಸ ಚೆನ್ನಾಗಿಯೇ ಇರುತ್ತದೆ.

ದೇಹ ಸಲ್ಲಿಸಿದ ತೆರಿಗೆ

ಈಗ ಇನ್ನೊಂದು ಲೆಕ್ಕ. ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಇದಕ್ಕಾಗಿ ಅವರು ಎಸೆದ ಎಸೆತಗಳು ಎರಡೂ ಸೇರಿ 27 ಸಾವಿರ. ಒಂದು ಎಸೆತಕ್ಕೆ 25 ಮೀಟರ್ ಓಟ ಎಂದು ಇಟ್ಟುಕೊಳ್ಳಿ. 675 ಕಿಲೋಮೀಟರ್ ಆಯಿತು. ಮೈಸೂರಿನಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದು, ಮೂರನೆಯ ಸಲ ಹೊರಟು ರಾಮನಗರದ ಹತ್ತಿರ ಬಂದಷ್ಟು ದೂರ, ಅದೂ ಓಡುತ್ತಾ! ಓಡಿದಷ್ಟನ್ನೂ ನಡೆದು ಹಿಂತಿರುಗಿದ್ದು ಬೇರೆ. ರಣಜಿ, ಕೌಂಟಿ, ನಿತ್ಯದ ಅಭ್ಯಾಸ ಇದರಲ್ಲಿ ಸೇರಿಲ್ಲ.

ಓಟಕ್ಕಿಂತ ದೊಡ್ಡ ಪೆಟ್ಟು ಚೆಂಡು ಬಿಡುವ ಗಳಿಗೆಯದು. ಓಡಿ ಬಂದ ದೇಹ ಮುಂಗಾಲಿನ ಮೇಲೆ ಥಟ್ಟನೆ ನಿಲ್ಲುತ್ತದೆ. ಆ ಕ್ಷಣ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕದ ಐದಾರು ಪಟ್ಟು. ಅದೇ ಗಳಿಗೆಯಲ್ಲಿ ಬೆನ್ನು ಬಾಗಿ ತಿರುಚುತ್ತದೆ, ತೋಳು ಚಕ್ರದಂತೆ ಸುತ್ತುತ್ತದೆ. 1997ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ ಶ್ರೀನಾಥರ ಭುಜ ಸೋತಿತು. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಕಟ್ಟಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ತಿಂಗಳುಗಟ್ಟಲೆ ಚೆಂಡು ಮುಟ್ಟುವಂತಿರಲಿಲ್ಲ. ಮರಳಿ ಬಂದು ಆಡಿದ ಮೇಲೆಯೇ ಕಲ್ಕತ್ತದ ಆ ಹದಿಮೂರು ವಿಕೆಟ್.

ಜಾವಗಲ್ಲಿನ ಬಳಪದ ಕಲ್ಲಿನ ಮಾತು ಇಲ್ಲಿಗೆ ಸಲ್ಲುತ್ತದೆ. ಹದಿಮೂರು, ಹದಿನಾಲ್ಕರ ಮಕ್ಕಳ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಮಿತಿಮೀರಿ ವೇಗದ ಬೌಲಿಂಗ್ ಮಾಡಿಸಿದರೆ ಬೆನ್ನುಮೂಳೆಯ ಕೆಳಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡಬಹುದು. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಯಾವ ವಯಸ್ಸಿನ ಹುಡುಗ ದಿನಕ್ಕೆ ಎಷ್ಟು ಓವರ್ ಹಾಕಬಹುದು ಎಂದು ನಿಯಮವೇ ಇದೆ. ನಮ್ಮ ಊರುಗಳಲ್ಲಿ? ಬೇಸಿಗೆ ಶಿಬಿರಗಳಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹುಡುಗರಿಂದ ಚೆಂಡು ಹಾಕಿಸುವುದನ್ನು ನಾನೇ ಕಂಡಿದ್ದೇನೆ. 'ಸೊಂಟ ನೋವು' ಎಂದ ಹುಡುಗನಿಗೆ 'ಸೋಮಾರಿ' ಎಂಬ ಬಿರುದು. ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೆ: ವೇಗದ ಬೌಲರ್ ಆಗಬೇಕೆನ್ನುವ ಮಗ ಅಥವಾ ಮಗಳು ಬೆನ್ನು ನೋವು ಎಂದರೆ ನಂಬಿ. ವೈದ್ಯರಿಗೆ ತೋರಿಸಿ. ದಿನಕ್ಕೆ ಎಷ್ಟು ಎಸೆತ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಅಳೆಯುವುದು ವಿಜ್ಞಾನದ ಮೊದಲ ಪಾಠ, ಆರೋಗ್ಯದ್ದೂ ಅದೇ.

ಕೊನೆಯ ಪಂದ್ಯ, ಆಮೇಲಿನ ಬದುಕು

2002ರಲ್ಲಿ ಶ್ರೀನಾಥ್ ತಮ್ಮ ಕೊನೆಯ ಟೆಸ್ಟ್ ಆಡಿದರು. ನಾಯಕ ಸೌರವ್ ಗಂಗೂಲಿಯವರ ಒತ್ತಾಯದ ಮೇಲೆ 2003ರ ವಿಶ್ವಕಪ್‌ಗೆ ಹೋದರು. ಅದು ಅವರ ನಾಲ್ಕನೆಯ ವಿಶ್ವಕಪ್. ಮಾರ್ಚ್ 10ರಂದು ಜೋಹಾನ್ಸ್‌ಬರ್ಗಿನ ವಾಂಡರರ್ಸ್ ಮೈದಾನದಲ್ಲಿ 35 ರನ್ನಿಗೆ 4 ವಿಕೆಟ್ ಪಡೆದು ಶ್ರೀಲಂಕಾವನ್ನು ಕಂಗೆಡಿಸಿದರು. ಹದಿಮೂರು ದಿನ ಕಳೆದು ಅದೇ ಮೈದಾನದಲ್ಲಿ ಫೈನಲ್. ಆಸ್ಟ್ರೇಲಿಯಾ 359 ರನ್ ಹೊಡೆಯಿತು. ಶ್ರೀನಾಥ್ 10 ಓವರ್, 87 ರನ್, ವಿಕೆಟ್ ಇಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಇಡೀ ವಿಶ್ವಕಪ್‌ನಲ್ಲಿ 16 ವಿಕೆಟ್ ಪಡೆದದ್ದನ್ನು ಮರೆತು, ಆ 87 ರನ್ನನ್ನು ಮಾತ್ರ ಆಡಿಕೊಂಡವರೂ ಉಂಟು. ಒಂದು ಪ್ರಶ್ನೆಪತ್ರಿಕೆಯಿಂದ ಹನ್ನೆರಡು ವರ್ಷದ ಓದನ್ನು ಅಳೆಯುವ ನಮ್ಮ ಅಭ್ಯಾಸವೇ ಇದು.

ಏಕದಿನ ಪಂದ್ಯಗಳಲ್ಲಿ ಭಾರತದ ವೇಗದ ಬೌಲರುಗಳ ಪೈಕಿ 300 ವಿಕೆಟ್ ದಾಟಿದ ಮೊದಲಿಗರು ಶ್ರೀನಾಥ್. ಆ 315ರ ಗಡಿಯನ್ನು ನಮ್ಮ ಮತ್ತೊಬ್ಬ ವೇಗಿ ಇನ್ನೂ ಮುಟ್ಟಿಲ್ಲ. ಮುಂದಿರುವ ಭಾರತೀಯ ಒಬ್ಬರೇ, ಅವರೂ ಕನ್ನಡಿಗರೇ: ಕುಂಬ್ಳೆ. ಆಟ ನಿಂತ ಮೇಲೆ ಶ್ರೀನಾಥ್ ಸುಮ್ಮನೆ ಕೂರಲಿಲ್ಲ. 2006ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ವಹಿಸಿಕೊಂಡರು. ಚಿನ್ನಸ್ವಾಮಿಯಲ್ಲಿ 52 ರನ್ ಕೂಡಿಸಿದ ಜೋಡಿ ಅದೇ ಕಟ್ಟಡದ ಕಚೇರಿಯಲ್ಲಿ ಮತ್ತೆ ಕೂಡಿತು.

ರೆಫರಿಯ ಕೆಲಸವೆಂದರೆ ನೋಡುವುದು, ಅಳೆಯುವುದು, ನಿಯಮದ ಗೆರೆ ದಾಟಿದವರಿಗೆ ಗೆರೆ ಎಲ್ಲಿದೆ ಎಂದು ತೋರಿಸುವುದು. ಮೂವತ್ತಮೂರರ ವಯಸ್ಸಿಗೆ ದೇಹ ನಿವೃತ್ತಿ ಬೇಡಿದಾಗ, ಓದಿದ ತಲೆ ಇನ್ನೊಂದು ಬಾಗಿಲು ತೆರೆದುಕೊಟ್ಟಿತು. ಆಟಗಾರನ ಬದುಕು ಹನ್ನೆರಡು ವರ್ಷದ್ದಾದರೆ, ಮನುಷ್ಯನ ಬದುಕು ಅದಕ್ಕಿಂತ ತುಂಬ ಉದ್ದ.

ಹೋಗುವವರಿಗೆ: ಜಾವಗಲ್‌ಗೆ ಹಳೇಬೀಡಿನ ಕಡೆಯಿಂದಲೂ, ರೈಲು ನಿಲ್ದಾಣವಿರುವ ಬಾಣಾವರದ ಕಡೆಯಿಂದಲೂ ರಸ್ತೆಯಿದೆ. ಬೇಲೂರು, ಹಳೇಬೀಡು ಪ್ರವಾಸಕ್ಕೆ ಅರ್ಧ ದಿನ ಸೇರಿಸಿದರೆ ಸಾಕು. ಗುಡಿಯ ಗೋಡೆಯನ್ನು ಒಂದು ಸುತ್ತು ನಿಧಾನವಾಗಿ ನೋಡಿ. ಮೈಸೂರಿಗೆ ಹೋದರೆ ಅರಮನೆಯ ದೀಪ ನೋಡಿದ ಮರುದಿನ ಬೆಳಿಗ್ಗೆ ಮಕ್ಕಳನ್ನು ಮಾನಸಗಂಗೋತ್ರಿಯ ಕಡೆಗೆ ಕರೆದೊಯ್ಯಿರಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು, ಗಂಗೋತ್ರಿ ಗ್ಲೇಡ್ಸ್ ನೋಡಿ ಬರಬಹುದು. ಅಲ್ಲಿ ಯಾರಾದರೂ ಹುಡುಗ ಓಡಿಬಂದು ಚೆಂಡು ಹಾಕುತ್ತಿದ್ದರೆ ಒಂದು ಓವರ್ ನಿಂತು ನೋಡಿ. ಆರು ಎಸೆತ ಮುಗಿದ ಮೇಲೆ ಅವನು ಮುಂದೆ ಯಾವ ಕಾಲೇಜಿಗೆ ಸೇರಬೇಕೆಂದಿದ್ದಾನೆ ಎಂದೂ ಕೇಳಿ.